ಒಳಗಿನಿಂದ ಚಿಲಕ

ಮನೆಯಲ್ಲಿ ಅವಳನ್ನು ಚೂಟಿ ಎನ್ನುತ್ತಿದ್ದರು. ಹೆಸರಿಗೆ ತಕ್ಕಂತೆ ಬದುಕುವುದೂ ಒಂದು ಕಷ್ಟವೇ. ಫೋನಿನಲ್ಲಿ ಏನಾದರೂ ಹುಡುಕಿದಾಗ ಉತ್ತರಗಳ ನೆತ್ತಿಯ ಮೇಲೆ ಎರಡು ಸಾಲಿನ ಜಾಹೀರಾತು ಬಂದು ಕೂರುತ್ತದಲ್ಲ, ಅದನ್ನು ಬರೆಯುವುದು ಚೂಟಿಯ ಕೆಲಸ. ಒತ್ತಿದರೆ ತೆರೆದುಕೊಳ್ಳುವ ಪುಟವೂ ಅವಳದೇ ಕೈಕೆಲಸ. ಬಂದವರನ್ನು ಸುಮ್ಮನೆ ಕಳಿಸಬಾರದು, ಏನಾದರೂ ತುಂಬಿಸಿಕೊಂಡೇ ಕಳಿಸಬೇಕು ಎನ್ನುವುದು ಅವಳು ಕಲಿತ ವಿದ್ಯೆ.

ಬೀಗದ ಅಂಗಡಿಯ ಯಜಮಾನ ಅವಳ ಹಳೆಯ ಗಿರಾಕಿ. ಹಿಂದೆ ಅವನ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಫೋನ್ ನಂಬರು ಇತ್ತು. ಫೋನ್ ಮಾಡಿದವರಲ್ಲಿ ಜಾಹೀರಾತು ನೋಡಿ ಬಂದವರು ಯಾರು, ಹರಟೆಗೆ ಬಂದವರು ಯಾರು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ತಮ್ಮ ಜಾಣತನ ಲೆಕ್ಕಕ್ಕೆ ಸಿಗದಿದ್ದರೆ ಜಾಣರಿಗೆ ಊಟ ಸೇರುವುದಿಲ್ಲ. ನಂಬರು ಕಿತ್ತುಹಾಕಿ ಅಲ್ಲೊಂದು ಫಾರಂ ಕೂರಿಸಿದಳು: ಹೆಸರು, ಬೀದಿ, ಬೀಗ ಯಾವ ಕಂಪನಿಯದು, ಬೀಗದ ಫೋಟೋ, ನಿಮಗೆ ಅನುಕೂಲವಾದ ಸಮಯ. ಒಂದನ್ನು ತುಂಬದೆ ಇನ್ನೊಂದು ತೆರೆಯುತ್ತಿರಲಿಲ್ಲ. ಫಾರಂಗಳು ದಂಡಿಯಾಗಿ ಬಂದವು. "ಭಲೇ ಕಿಲಾಡಿ ಕಣಮ್ಮ ನೀನು," ಎಂದು ಯಜಮಾನ ಹೊಗಳಿದ. ಚೂಟಿ ಉಬ್ಬಿಹೋದಳು.

ಜನ ಏನೆಂದು ಬರೆದು ಹುಡುಕಿದಾಗ ತನ್ನ ಜಾಹೀರಾತು ಕಾಣಿಸಿತು ಎಂಬುದನ್ನು ಅವಳು ಬೆಳಗಿನ ಕಾಫಿಯ ಜೊತೆ ಓದುತ್ತಿದ್ದಳು. ಗಿರಾಕಿಯ ಬಾಯಿಮಾತನ್ನೇ ಕದ್ದು ಜಾಹೀರಾತಿಗೆ ಹಾಕುವುದು ಈ ಕಸುಬಿನ ಗುಟ್ಟು. 'ಕೀ ಕಳೆದುಹೋಯ್ತು.' 'ಬೀಗ ಸಿಕ್ಕಾಕೊಂಡಿದೆ.' 'ಹೆಂಡತಿ ಒಳಗೆ ಸೇರಿಸ್ತಿಲ್ಲ ಏನ್ಮಾಡ್ಲಿ.' ಕೊನೆಯದನ್ನು ಓದಿ ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡಳು. ಮೇಜು ಒರೆಸುತ್ತಿದ್ದಾಗ ಅದರ ಕೆಳಗಿನ ಸಾಲು ಕಣ್ಣಿಗೆ ಬಿತ್ತು.

'ಅಮ್ಮ ಬಚ್ಚಲಲ್ಲಿ ಬಿದ್ದಿದಾರೆ ಒಳಗಿಂದ ಚಿಲಕ ಕೂಗಿದ್ರೆ ಮಾತಿಲ್ಲ ಬೇಗ.'

ಹುಡುಕಿದವರು ಜಾಹೀರಾತು ಒತ್ತಿದ್ದರು. ಪುಟದಲ್ಲಿ ಬಹಳ ಹೊತ್ತು ಇದ್ದರು. ಫಾರಂ ಮಾತ್ರ ಬಂದಿರಲಿಲ್ಲ.

"ಅಣ್ಣಾ, ಅಮ್ಮ ಬಚ್ಚಲಲ್ಲಿ ಬಿದ್ದಿದಾರೆ ಅಂತ ಫೋನ್ ಏನಾದ್ರೂ ಬಂದಿತ್ತಾ ನಿಮಗೆ?" ಎಂದು ಯಜಮಾನನನ್ನು ಕೇಳಿದಳು.

"ಫೋನ್ ಎಲ್ಲಿಂದ ಬರುತ್ತೆ? ನಂಬರ್ ನೀನೇ ತೆಗೆದ್ಯಲ್ಲ," ಎಂದ ಅವನು. ಬೇಕೆಂದೇ ಚುಚ್ಚಿದ್ದಲ್ಲ, ಇದ್ದದ್ದನ್ನು ಹೇಳಿದ್ದ ಅಷ್ಟೆ.

ಯಾರಾದರೂ ಬಾಗಿಲು ಒಡೆದಿರುತ್ತಾರೆ, ಆಕೆ ಈಗ ಮಂಚದ ಮೇಲೆ ಕೂತು ಮನೆಯವರನ್ನೆಲ್ಲ ಗದರುತ್ತಿರುತ್ತಾಳೆ ಎಂದು ಚೂಟಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಾರನೆಯ ದಿನ ಅದೇ ಸಾಲು ಬಂತು. ಅದರ ಮಾರನೆಯ ದಿನವೂ ಬಂತು. ಪ್ರತಿ ಮಧ್ಯಾಹ್ನ ಯಾರೋ ಅದೇ ಮಾತು ಹುಡುಕಿ, ಅದೇ ಜಾಹೀರಾತು ಒತ್ತಿ, ಪುಟದಲ್ಲಿ ನಿಂತು, ಏನೂ ತುಂಬದೆ ಹೋಗುತ್ತಿದ್ದರು. ಯಾವ ಅಮ್ಮ ದಿನಾ ಬೀಳುತ್ತಾಳೆ? ಹುಡುಕುತ್ತಿರುವುದು ಆ ಅಮ್ಮನೇ ಇರಬಹುದೇ, ಚಿಲಕದ ಆ ಕಡೆಯಿಂದ, ಎಂಬ ಯೋಚನೆ ಒಮ್ಮೆ ಬಂದಿತು. ನಗಬೇಕೆಂದುಕೊಂಡಳು, ಆಗಲಿಲ್ಲ.

ಅಂದಿನಿಂದ ತನ್ನಮ್ಮ ಸ್ನಾನಕ್ಕೆ ಹೋದರೆ ಚೂಟಿ ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ನಿಲ್ಲತೊಡಗಿದಳು. ನೀರಿನ ಸದ್ದು ನಿಂತರೆ ಬಾಗಿಲು ತಟ್ಟುತ್ತಿದ್ದಳು.

"ಏನೇ ಇದು, ಸ್ನಾನಕ್ಕೂ ಕಾವಲಾ?" ಎಂದು ಒಳಗಿನಿಂದ ಅಮ್ಮ ಕೂಗಿದಳು.

"ಚಿಲಕ ಹಾಕ್ಬೇಡಮ್ಮ."

"ಯಾಕೆ, ಈ ವಯಸ್ಸಲ್ಲಿ ನಾನು ಕಿಟಕಿ ಹಾರಿ ಓಡಿಹೋಗ್ತೀನಾ?"

ಯಾರಾದರೂ ಒತ್ತಿದಾಗಲೆಲ್ಲ ಜಾಹೀರಾತಿಗೆ ದುಡ್ಡು ತೆರಬೇಕಿದ್ದ ಯಜಮಾನನಿಗೂ ಬೇಸರ ಬಂದಿತ್ತು. "ಯಾವುದೋ ತಲೆಕೆಟ್ಟ ಆಸಾಮಿ. ಅದನ್ನ ತಡೆದುಬಿಡು," ಎಂದ. ತಡೆಯುವುದು ಸುಲಭ. ಬೇಡದ ಮಾತುಗಳಿಗೊಂದು ಪಟ್ಟಿ ಇರುತ್ತದೆ. ಅದಕ್ಕೆ ಆ ಸಾಲು ಸೇರಿಸಿದರೆ ಮುಂದೆ ಹಾಗೆ ಹುಡುಕುವವರಿಗೆ ಜಾಹೀರಾತು ಕಾಣುವುದೇ ಇಲ್ಲ. ಚೂಟಿ ಸಾಲನ್ನು ಪಟ್ಟಿಗೆ ಸೇರಿಸಲು ಕೂತಳು. ಕೈ ಬರಲಿಲ್ಲ. ಮೊದಲೇ ಮುಚ್ಚಿದ ಬಾಗಿಲಿನ ಮುಂದೆ ನಿಂತವರ ಮುಖಕ್ಕೆ ಇನ್ನೊಂದು ಬಾಗಿಲು ಬಡಿದಂತಾಗುತ್ತಿತ್ತು. ಆ ತಾಯಿ ಉಳಿದಳೋ ಇಲ್ಲವೋ ಎಂಬುದು ತಿಳಿಯದೆ ಅವಳಿಗೆ ನೆಮ್ಮದಿ ಇರಲಿಲ್ಲ.

ಅಂಗಡಿಯ ಪುಟದಲ್ಲಿದ್ದ ಮಿಂಚುವ ಕೀಲಿಗಳ ಚಿತ್ರ, ಹೊಗಳಿಕೆ, ಫಾರಂ ಎಲ್ಲವನ್ನೂ ಅಳಿಸಿದಳು. ಪುಟದ ತುಂಬ ಒಂದು ನಂಬರು ಹಾಕಿದಳು, ಅಂಗಡಿಯದಲ್ಲ, ತನ್ನದೇ. ಅಂದು ಮಧ್ಯಾಹ್ನವೇ ಫೋನ್ ಬಂತು.

"ಬೀಗದವರಾ?" ಎಂದಿತು ಗಂಡಸಿನ ದನಿ.

"ಹೌದು. ಎಲ್ಲಿದ್ದೀರ ಹೇಳಿ, ಈಗಲೇ ಕಳಿಸ್ತೀನಿ."

"ಈಗ ಅವಸರ ಇಲ್ಲ. ಆವತ್ತು ಅಮ್ಮ ಒಳಗೆ ಬಿದ್ದಿದ್ರು. ನಾನು ಹೊರಗೆ ನಿಂತ್ಕೊಂಡು ನಿಮ್ಮ ಫಾರಂ ತುಂಬ್ತಿದ್ದೆ. ಬೀಗ ಯಾವ ಕಂಪನಿದು ಅಂತ ಕೇಳ್ತು. ಚಿಲಕಕ್ಕೆ ಯಾವ ಕಂಪನಿ ಅಂತ ಬರೀಲಿ? ಮುಂದಕ್ಕೇ ಹೋಗ್ಲಿಲ್ಲ. ಪಕ್ಕದ ಮನೆಯವರು ಬಂದು ಬಾಗಿಲು ಒದ್ದು ಮುರಿಯೋಷ್ಟರಲ್ಲಿ ಎಲ್ಲಾ ಮುಗಿದಿತ್ತು."

ಚೂಟಿಗೆ ಕೂರಬೇಕೆನಿಸಿತು, ಕೂತೇ ಇದ್ದಳು.

"ಅಂಗಡಿಯವರು ನಂಬರ್ ಹಾಕದೆ ಇರ್ತಾರೇನೋ, ನಿನ್ನ ಕಣ್ಣು ಕುರುಡಾಗಿತ್ತಾ ಅಂತಾರೆ ಅಪ್ಪ. ಅದೊಂದು ಬಿಟ್ರೆ ಅವರು ನನ್ನ ಹತ್ರ ಮಾತೇ ಆಡಲ್ಲ. ನಂಬರ್ ಇರ್ಲಿಲ್ಲ ಅಂತ ಅವರಿಗೆ ತೋರಿಸೋಕೆ ದಿನಾ ಹಾಗೇ ಹುಡುಕಿ ನೋಡ್ತಿದ್ದೆ. ಇವತ್ತು ನೋಡಿದ್ರೆ ಇದೆ. ಇಷ್ಟು ದೊಡ್ಡದಾಗಿದೆ! ದಿನಾ ನೋಡಿದ್ರೂ ನಂಗೆ ಕಂಡಿಲ್ಲ ಅಂದ್ರೆ... ಅಪ್ಪ ಹೇಳಿದ್ದೇ ಸರಿ ಇರ್ಬೇಕು. ನಾನೇ ಕೊಂದೆ."

ಸುಮ್ಮನಿದ್ದಿದ್ದರೆ ಚೂಟಿಯ ಹೆಸರು ಎಲ್ಲಿಯೂ ಬರುತ್ತಿರಲಿಲ್ಲ.

"ಇರ್ಲಿಲ್ಲ," ಎಂದಳು. "ಆ ನಂಬರ್ ಇವತ್ತು ಬೆಳಗ್ಗೆ ಹಾಕಿದ್ದು. ಆವತ್ತು ಇರ್ಲೇ ಇಲ್ಲ. ತೆಗೆದಿದ್ದು ನಾನು. ನಿಮ್ಮ ಕಣ್ಣು ಸರಿಯಾಗೇ ಇತ್ತು."

ಅವನು ಬೈಯುತ್ತಾನೆಂದು ಕಾದಳು. ಬೈಸಿಕೊಂಡರೆ ಒಳ್ಳೆಯದೆಂದೂ ಅನಿಸಿತ್ತು.

"ಅಪ್ಪಾ, ಇಲ್ಲಿ ಬನ್ನಿ ಸ್ವಲ್ಪ," ಎಂದು ಅವನು ಕೂಗಿದ್ದು ಕೇಳಿಸಿತು. ಚಪ್ಪಲಿ ಎಳೆದುಕೊಂಡು ಯಾರೋ ನಿಧಾನವಾಗಿ ಹತ್ತಿರ ಬಂದರು. "ಈಗ ಹೇಳಿ. ಇನ್ನೊಂದು ಸಲ ಹೇಳಿ."

ಅವಳು ಮೊದಲಿನಿಂದ ಹೇಳಿದಳು. ಆ ಕಡೆ ಮುದುಕರ ದನಿಯೊಂದು "ಮಗಾ," ಎಂದಿತು. ಆಮೇಲೆ ಅವರಲ್ಲಿ ಯಾರೂ ಅವಳ ಜೊತೆ ಮಾತಾಡಲಿಲ್ಲ, ಫೋನ್ ಇಡಲೂ ಇಲ್ಲ. ಚೂಟಿಯೂ ಇಡಲಿಲ್ಲ.