ಶಾಯಿ ಹತ್ತಿದ ದಾರಿ

“ಗಾರೆಯನ್ನ ಬಿಟ್ಟು ಇಟ್ಟಿಗೆಯನ್ನ ಮಾತ್ರ ತಿನ್ನೋದು ಯಾವುದು?”

ಗೆರೆ ಮೇಸ್ತ್ರಿ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಗೋಡೆಗೆ ಹಣೆ ತಾಗುವಷ್ಟು ಬಗ್ಗಿ, ಕನ್ನಡಕವನ್ನು ನೆತ್ತಿಗೆ ಏರಿಸಿಕೊಂಡು ಗಟ್ಟಿಯಾಗಿ ಅಂದುಕೊಂಡರು, ಅಷ್ಟೆ. ಹಿಂದೆ ಅವರ ಸೊಸೆ ಉಳಿ, ಸುತ್ತಿಗೆಗಳ ಚೀಲ ಹಿಡಿದು ನಿಂತಿದ್ದಳು. ಮೇಜಿನ ಮುಂದಿದ್ದ ಬೈಂಡರು, ಹೊಲಿಯುತ್ತಿದ್ದ ಪುಸ್ತಕದ ಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಂಡಿದ್ದರು.

ಅದು ಬೈಂಡಿಂಗ್ ಅಂಗಡಿಯ ಹಿಂಗೋಡೆ. ನೆಲದಿಂದ ಆಳೆತ್ತರದವರೆಗೆ ಇಟ್ಟಿಗೆಗಳು ಒಳಕ್ಕೆ ಸವೆದು ಬಟ್ಟಲುಗಳಂತಾಗಿದ್ದವು. ಸಂದುಗಳಲ್ಲಿ ತುಂಬಿದ್ದ ಸಿಮೆಂಟ್ ಗಾರೆ ಮಾತ್ರ ಒಂದಿಷ್ಟೂ ಸವೆಯದೆ, ಖಾಲಿ ಜೇನುಹುಟ್ಟಿನ ಹಾಗೆ ಮುಂದಕ್ಕೆ ಚಾಚಿ ನಿಂತಿತ್ತು. ಕೈಯಾಡಿಸಿದರೆ ಕೆಂಪು ಪುಡಿ, ಅದರ ಮೇಲೆ ಬಿಳಿ ಉಪ್ಪಿನ ನವಿರು. ಗೋಡೆಗೆ ಒರಗಿಸಿದ್ದ ಕಾಗದದ ಕಟ್ಟುಗಳ ಅಂಚು ತೇವಕ್ಕೆ ಸುರುಳಿಗಟ್ಟಿತ್ತು.

ಆ ಸಂದುಗಳನ್ನು ತುಂಬಿದವರು ಮೇಸ್ತ್ರಿಯೇ, ಮೂವತ್ತೆರಡು ವರ್ಷಗಳ ಹಿಂದೆ. ಅದಕ್ಕೂ ಮೊದಲು ಅದು ಪೂರ್ತಿ ಸುಣ್ಣದ ಗಾರೆಯ ಗೋಡೆ. ಸಂದು ಉದುರುತ್ತಿದೆ, ಏನಾದರೂ ಮಾಡಪ್ಪ ಎಂದು ಬೈಂಡರ ತಂದೆ ಕೇಳಿದ್ದರಂತೆ. ಆಗಿನ್ನೂ ಮೀಸೆ ಕಪ್ಪಗಿದ್ದ ಮೇಸ್ತ್ರಿ ಆ ಗಾರೆಯನ್ನು ಉಗುರಿನಿಂದ ಕೆರೆದು, ಉಗುರಿಗೆ ಸೋಲುವುದೂ ಒಂದು ಗಾರೆಯೇ ಎಂದು ನಕ್ಕು, ಎರಡು ಬೆರಳಿನ ಆಳಕ್ಕೆ ಅದನ್ನು ಕೆತ್ತಿ ತೆಗೆದು ಸಿಮೆಂಟ್ ತುಂಬಿದ್ದರು. ತುಂಬಿ, ಪ್ರತಿ ಸಂದಿನ ನಡುವೆ ಕರಣೆಯ ಅಂಚಿನಿಂದ ಒಂದೊಂದು ಗೆರೆ ಎಳೆದಿದ್ದರು. ದಾರ ಹಿಡಿದು ನೋಡಿದರೆ ದಾರಕ್ಕೇ ನಾಚಿಕೆಯಾಗಬೇಕು, ಅಂಥ ಗೆರೆಗಳು. ಬೇರೆ ಮೇಸ್ತ್ರಿಗಳು ಕೆಲಸ ಬಿಟ್ಟು ಬಂದು ನೋಡಿ ಹೋದರು. ಹುಟ್ಟಿದ ಹೆಸರು ಹಿಂದೆ ಸರಿದು ಗೆರೆ ಮೇಸ್ತ್ರಿ ಎಂಬುದೇ ಉಳಿಯಿತು. ಆಮೇಲೆ ಅವರು ಕಟ್ಟಿದ ನೂರಾರು ಗೋಡೆಗಳ ಮೇಲೆ ಸಾರಣೆ ಬಂತು, ಬಣ್ಣ ಬಂತು, ಯಾರ ಕೈಕೆಲಸ ಎಂದು ಹೇಳುವ ಗುರುತೇ ಇಲ್ಲವಾಯಿತು. ಅವರ ಕೈ ಕಣ್ಣಿಗೆ ಕಾಣುವಂತೆ ಉಳಿದಿದ್ದುದು ಇದೊಂದೇ ಗೋಡೆಯಲ್ಲಿ.

ಎರಡು ವರ್ಷದಿಂದ ಮಂಡಿಗಳು ಅವರ ಮಾತು ಕೇಳುತ್ತಿರಲಿಲ್ಲ. ಮಗ ಗಾರೆಯ ತಂಟೆಗೇ ಬಾರದೆ ಬಸ್ಸು ಓಡಿಸುತ್ತಿದ್ದ. ಹಾಗಾಗಿ ಕರಣೆ ಸೊಸೆಯ ಕೈಗೆ ಬಂದಿತ್ತು. ಹಿಡಿಯಲು ಕಲಿಸಿದವರು ಮಾವನೇ. ಗೋಡೆ ರಿಪೇರಿಗೆ ಬೈಂಡರು ಕರೆಸಿದ್ದು ಅವಳನ್ನು. ಸುಮ್ಮನೆ ನೋಡೋಕೆ ಬರ್ತೀನಿ ಎಂದು ಜೊತೆಗೆ ಹೊರಟ ಮಾವ, ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ತನಿಖೆಯನ್ನೇ ಕೈಗೆತ್ತಿಕೊಂಡುಬಿಟ್ಟಿದ್ದರು.

ಮೊದಲ ಅನುಮಾನ ನೀರಿನ ಕೊಳವೆಯ ಮೇಲೆ ಬಿತ್ತು. ಆ ಗೋಡೆಯಲ್ಲಿ ಕೊಳವೆಯೇ ಇರಲಿಲ್ಲ. ಆಮೇಲೆ ಹಿಂದಿನ ಓಣಿಯ ಚರಂಡಿಯ ಮೇಲೆ. ಮೇಸ್ತ್ರಿ ಕೋಲೂರಿಕೊಂಡು ಸುತ್ತಿ ಹೋಗಿ, ಚರಂಡಿ ಹತ್ತು ಹೆಜ್ಜೆ ದೂರವಿದೆ, ಸಾಲದ್ದಕ್ಕೆ ಒಣಗಿದೆ ಎಂಬ ಸುದ್ದಿ ತಂದರು. ಹಾಗಾದರೆ ಇಟ್ಟಿಗೆ ಅರೆಬೆಂದದ್ದಿರಬೇಕು ಎಂದು ಮೇಲಿನದೊಂದು, ಕೆಳಗಿನದೊಂದು ಬಿಡಿಸಿ ನೋಡಿದರು. ಎರಡರಲ್ಲೂ ಒಂದೇ ಅಚ್ಚಿನ ಗುರುತು, ಮುರಿದರೆ ಒಳಗೆ ಒಂದೇ ಬಣ್ಣ. ಕೊನೆಗೆ ಆ ಬಿಳಿ ನವಿರನ್ನು ನಾಲಿಗೆಗೆ ಹಚ್ಚಿಕೊಂಡು ಮುಖ ಕಿವುಚಿದರು.

“ಇಷ್ಟು ವರ್ಷ ಗೋಡೆ ತಿಂತಾ ಇದ್ದವರು ಯಾರು ಅಂತ ಈಗ ಗೊತ್ತಾಯ್ತು, ಮೇಸ್ತ್ರಿಗಳೇ,” ಎಂದರು ಬೈಂಡರು.

ಸೊಸೆಗೆ ಎರಡನೆಯ ದಿನವೇ ತಿಳಿಯಿತು. ಅವಳು ಕಿವಿಯಿಂದ ಕೆಲಸ ಮಾಡುವವಳು. ಸುತ್ತಿಗೆಯ ಹಿಡಿಯಿಂದ ಒಂದೊಂದೇ ಇಟ್ಟಿಗೆಯನ್ನು ತಟ್ಟುತ್ತ, ಕಣ್ಣು ಮುಚ್ಚಿ ಕೇಳುತ್ತ, ನೆಲದಿಂದ ಮೇಲಕ್ಕೆ ಹೋದಳು. ಕಿಟಕಿಯಡಿಯ ಒಂದೆರಡು ಬಿಟ್ಟರೆ ಕೆಳಗಿನವೆಲ್ಲ ನೆನೆದ ರಟ್ಟಿನ ಸದ್ದು. ಇಪ್ಪತ್ತಮೂರನೆಯ ಸಾಲು ದಾಟಿದ್ದೇ ಠಣ್ ಎಂದಿತು. ಅದರ ಮೇಲಿನದೂ ಠಣ್. ಕಣ್ಣು ತೆರೆದಳು. ಮಾವನ ಗೆರೆಗಳು ಮುಗಿದದ್ದೂ ಇಪ್ಪತ್ತಮೂರನೆಯ ಸಾಲಿಗೇ. ಅವತ್ತು ಅಲ್ಲಿಗೆ ಸಿಮೆಂಟ್ ಖಾಲಿಯಾಯಿತು ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ತೇವ ಏರಿದ್ದೇ ಅಷ್ಟು ಎತ್ತರ ಇರಬಹುದಲ್ಲ ಎಂದುಕೊಂಡು, ಮೂಲೆಯ ಮರದ ಬೀರುವನ್ನು ಸರಿಸಿ ಹಿಂದೆ ತಟ್ಟಿದಳು. ಮೂವತ್ತೆರಡು ವರ್ಷಗಳ ಹಿಂದೆ ಸಿಮೆಂಟ್ ತುಂಬುವಾಗ ಆ ಬೀರುವನ್ನು ಯಾರೂ ಅಲುಗಿಸಿರಲಿಲ್ಲ. ಅಲ್ಲಿ ನೆಲದವರೆಗೂ ಹಳೆಯ ಸುಣ್ಣದ ಗಾರೆ, ನೆಲದವರೆಗೂ ಠಣ್ ಎನ್ನುವ ಇಟ್ಟಿಗೆ.

ಅವಳಿಗೆ ಅಜ್ಜಿ ನೆನಪಾದಳು. ಅಜ್ಜಿ ದಿನಾ ದೀಪದ ಮುಂದೆ ಕುಳಿತು ಪದ್ಯ ಓದುತ್ತಿದ್ದಳು. ತಾನೂ ಓದುತ್ತೇನೆಂದು ಒಂದೇ ಉಸಿರಿಗೆ ಹೊರಟ ಮೊಮ್ಮಗಳು ಮೂರನೆಯ ಸಾಲಿನಲ್ಲಿ ಕೆಮ್ಮಿ ನಿಂತಾಗ, ನಿಲ್ಲುವ ಜಾಗವೂ ಪದ್ಯವೇ ಕಣೆ ಎಂದು ಬೆನ್ನು ಸವರಿದ್ದಳು. ಗೋಡೆಗೆ ಆ ನಿಲ್ಲುವ ಜಾಗವೇ ಸಂದು.

ಮಾತು ಬಾಯಿವರೆಗೆ ಬಂತು. ಆದರೆ ಮಾವ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದರು, ಮಂಡಿ ಇರುವುದನ್ನೇ ಮರೆತವರ ಹಾಗೆ. ಅವರು ಹಾಗೆ ಕುಳಿತದ್ದನ್ನು ಅವಳು ನೋಡಿ ಎರಡು ವರ್ಷವಾಗಿತ್ತು. ನುಂಗಿಕೊಂಡಳು.

ಮೂರನೆಯ ದಿನ ಬೈಂಡರ ಮೊಣಕೈ ತಾಗಿ, ಲೆಡ್ಜರುಗಳಿಗೆ ಗೆರೆ ಹೊಡೆಯುವ ನೀಲಿ ಶಾಯಿಯ ತಟ್ಟೆ ಮಗುಚಿತು. ಪಕ್ಕದಲ್ಲಿದ್ದ ಕಾಗದದ ಕಟ್ಟು ಬುಡದಿಂದ ನೀಲಿಯನ್ನು ಹೀರುತ್ತ ಮೇಲೇರಿತು. ಬೈಂಡರ ಬೈಗುಳ ಮುಗಿಯುವವರೆಗೂ ಮೇಸ್ತ್ರಿ ಅದನ್ನೇ ನೋಡುತ್ತ ನಿಂತರು.

“ದೇವರು ನೀರಿಗೆ ಕಾಲು ಕೊಟ್ಟಿಲ್ಲ. ಆದ್ರೂ ಹೆಂಗೆ ಹತ್ತುತ್ತೆ ನೋಡಿ,” ಎಂದರು. “ಸ್ವಲ್ಪ ಶಾಯಿ ಕೊಡ್ತೀರಾ?”

“ಈ ವಯಸ್ಸಲ್ಲಿ ಯಾರಿಗೆ ಕಾಗದ ಬರೆಯೋಕೆ ಹೊರಟ್ರಿ?”

“ಗೋಡೆಗೆ.”

ಅವರು ಹೇಳಿದಂತೆ ಸೊಸೆ ಗೋಡೆಯಿಂದ ಎರಡು ತುಂಡು ಬಿಡಿಸಿಕೊಟ್ಟಳು. ಒಂದೊಂದರಲ್ಲೂ ಇಟ್ಟಿಗೆಯ ಮೇಲೆ ಇಟ್ಟಿಗೆ, ನಡುವೆ ಗಾರೆ. ಮೇಲಿನಿಂದ ತೆಗೆದ ತುಂಡಿನಲ್ಲಿ ಸುಣ್ಣದ ಗಾರೆ, ಕೆಳಗಿನಿಂದ ತೆಗೆದದ್ದರಲ್ಲಿ ಸಿಮೆಂಟ್. ಎರಡನ್ನೂ ಒಂದು ತಗಡಿನ ತಟ್ಟೆಯಲ್ಲಿ ನಿಲ್ಲಿಸಿ, ಎರಡು ಬೆರಳಷ್ಟು ಶಾಯಿನೀರು ಹಾಕಿದರು. ತುಂಡುಗಳನ್ನು ಒಡೆಯದಂತೆ ಬಿಡಿಸಲು ಅವಳು ಇಡೀ ಬೆಳಗ್ಗೆ ತೆಗೆದುಕೊಂಡಿದ್ದಳು.

ಆಮೇಲೆ ನಾಲ್ಕು ದಿನ ಮೇಸ್ತ್ರಿ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಹಾಜರಿರುತ್ತಿದ್ದರು. ಬೈಂಡರು ಬೀಗ ತೆಗೆಯುತ್ತಲೇ, ಮಗು ಆರೋಗ್ಯವಾಗಿದೆಯಾ ನೋಡಿ ಹೋಗಿ ಎಂದು ದಾರಿ ಬಿಡುತ್ತಿದ್ದರು. ಮೊದಲ ದಿನ ಎರಡರ ಬುಡವೂ ಒಂದೇ ಸಮನೆ ಕಪ್ಪಾಯಿತು. ಎರಡನೆಯ ದಿನ ಕೆಳಗಿನ ಇಟ್ಟಿಗೆಗಳು ಪೂರ್ತಿ ನೆನೆದವು. ಮೂರನೆಯ ದಿನ ಮೇಸ್ತ್ರಿ ಊಟದ ಡಬ್ಬಿಯನ್ನೂ ತಟ್ಟೆಯ ಮುಂದೆಯೇ ಬಿಚ್ಚಿದರು.

ನಾಲ್ಕನೆಯ ದಿನ ಅವರು ತಟ್ಟೆಯ ಮುಂದೆ ಬಗ್ಗಿದರು. ಸುಣ್ಣದ ತುಂಡಿನಲ್ಲಿ ನಡುವಿನ ಗಾರೆ ಕಡುನೀಲಿಯಾಗಿತ್ತು. ಅದರ ಮೇಲಿನ, ಕೆಳಗಿನ ಇಟ್ಟಿಗೆಯ ಮೈ ಬರಿ ತೇವ. ಸಿಮೆಂಟಿನ ತುಂಡಿನಲ್ಲಿ ಸಂದು ಬೂದಿಯ ಬಣ್ಣದಲ್ಲಿ ಹಾಗೇ ಇತ್ತು, ಅವರ ಗೆರೆಯೂ ಹಾಗೇ ಇತ್ತು. ನೀಲಿಯೆಲ್ಲ ಇಟ್ಟಿಗೆಯ ಮೈಯಿಂದಲೇ ಹೊರಬಂದಿತ್ತು. ಬೆರಳಿಟ್ಟರೆ ನೀಲಿ ಪುಡಿ ಅಂಟಿತು.

ಅವರು ಬೆರಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಬೇರೆ ಯಾವುದೋ ಮನೆಯ ವಿಷಯ ಹೇಳುವವರಂತೆ, ಬೈಂಡರಿಗೆ ವಿವರಿಸಿದರು. ನೆಲದ ನೀರು ಗೋಡೆ ಹತ್ತುತ್ತದೆ, ಹತ್ತಲಿ. ಹತ್ತಿದ್ದಕ್ಕೆ ಹೊರಹೋಗಲು ಒಂದು ಬಾಗಿಲು ಬೇಕು. ಸುಣ್ಣದ ಗಾರೆ ಮೆತ್ತಗಿರುವುದರಿಂದ ನೀರು ಅಲ್ಲಿಂದ ಆರಿ ಹೋಗುತ್ತದೆ, ಉಪ್ಪೂ ಅಲ್ಲೇ ಬಂದು ಉದುರುತ್ತದೆ. ಸವೆಯುವುದು ಗಾರೆ, ಇಟ್ಟಿಗೆಯಲ್ಲ. ಗಾರೆ ಉದುರಿದರೆ ಮತ್ತೆ ತುಂಬಬಹುದು. ಆ ಬಾಗಿಲಿಗೆ ಸಿಮೆಂಟ್ ಬಡಿದರೆ ನೀರು ಇಟ್ಟಿಗೆಯನ್ನೇ ಬಾಗಿಲು ಮಾಡಿಕೊಳ್ಳುತ್ತದೆ, ಉಪ್ಪು ಅದರ ಚರ್ಮ ಸುಲಿಯುತ್ತದೆ.

“ಬಾಗಿಲಿಗೆ ಬಡಿದವನು ಯಾರು ಅಂತ ನೀವು ಕೇಳಬೇಡಿ, ನಾನೂ ಹೇಳಲ್ಲ,” ಎಂದು ನಗಲು ನೋಡಿದರು. ನಗು ಅರ್ಧಕ್ಕೆ ನಿಂತಿತು. ಸೊಸೆಯ ಕಡೆ ತಿರುಗಿದರು. “ನಿನಗೆ ಯಾವತ್ತು ಗೊತ್ತಾಯ್ತು?”

“ಎರಡನೇ ದಿನ, ಮಾವ.”

“ಹೇಳಬಾರದಿತ್ತಾ?”

“ನೀವು ಹುಡುಕ್ತಾ ಇದ್ರಿ.”

ಮೇಸ್ತ್ರಿ ತಲೆಯಾಡಿಸಿ, ಬೆರಳನ್ನು ಪಂಚೆಗೆ ಒರೆಸಿಕೊಂಡರು.

ಮರುದಿನ ಅವಳು ಕೆಲಸ ಶುರುಮಾಡಿದಳು. ಮನೆಯ ಹಿಂದೆ ತಿಂಗಳುಗಟ್ಟಲೆ ನೀರಿನಡಿ ಇಟ್ಟಿದ್ದ ಅರಳಿಸಿದ ಸುಣ್ಣ, ಬೆಣ್ಣೆಯ ಹಾಗೆ ಕರಣೆಗೆ ಬಂತು. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಜರಡಿ ಹಿಡಿದ ಮರಳು, ಅರ್ಧ ಪಾಲು ನುಣ್ಣಗಿನ ಇಟ್ಟಿಗೆ ಪುಡಿ. ನೀರು ಕಂಡೂ ಕಾಣದಷ್ಟು. ಕಲಸಿ, ಕರಣೆಯ ಮೇಲೆ ಒಂದು ಮುದ್ದೆ ಇಟ್ಟು ಮಗುಚಿದಳು. ಬೀಳಲಿಲ್ಲ. ಮಾವ ಸ್ಟೂಲಿನ ಮೇಲಿಂದಲೇ ಕೈಚಾಚಿ ಒಂದು ಚಿಟಿಕೆ ತೆಗೆದುಕೊಂಡು ತಿಕ್ಕಿ, ಮರಳು ಇನ್ನೊಂದು ಹಿಡಿ ಬೇಕು ಎಂದರು. ಅವಳು ಹಾಕಿದಳು. ಅವರ ಮಾತು ಸರಿಯೇ ಇತ್ತು.

ಸಿಮೆಂಟನ್ನು ಕೆತ್ತಿ ತೆಗೆಯುವುದೇ ದೊಡ್ಡ ಕೆಲಸ. ಅವಳು ಉಳಿಯನ್ನು ಸಂದಿನ ನಡುವೆ, ಸರಿಯಾಗಿ ಅವರ ಗೆರೆಯ ಮೇಲೇ ಇಟ್ಟು ಹೊಡೆಯಬೇಕಿತ್ತು. ಬೇರೆಲ್ಲಿ ಇಟ್ಟರೂ ಇಟ್ಟಿಗೆಯ ಅಂಚು ಹಾರುತ್ತಿತ್ತು. ಗೆರೆ ನೇರವಾಗಿದ್ದಷ್ಟೂ ಉಳಿ ನೇರವಾಗಿ ಓಡಿತು. ಬಿದ್ದ ಚೂರುಗಳನ್ನು ಮಾವ ಕೋಲಿನ ತುದಿಯಿಂದ ಒಂದು ಕಡೆ ಗುಡ್ಡೆ ಮಾಡುತ್ತಿದ್ದರು. ಗೆರೆ ಇದ್ದ ಮುಖ ಮೇಲಕ್ಕೆ ಬರುವಂತೆ ಕೆಲವನ್ನು ತಿರುಗಿಸಿಡುವುದನ್ನು ಅವಳು ನೋಡಿದರೂ ನೋಡದವಳಂತಿದ್ದಳು.

ಆರು ದಿನ ಕಳೆದ ಮೇಲೆ ಉಳಿದದ್ದು ಕಿಟಕಿಯ ಕೆಳಗಿನ ಒಂದೇ ಒಂದು ಸಂದು. ಅವಳು ಉಳಿ ಎತ್ತಿದಾಗ ಮಾವ ಸ್ಟೂಲಿನಿಂದ ಎದ್ದು ಬಂದು, ಆ ಗೆರೆಯಲ್ಲಿ ತೋರುಬೆರಳಿಟ್ಟು ಉದ್ದಕ್ಕೂ ಎಳೆದರು. ಬೆರಳು ಎಲ್ಲೂ ಎಡವಲಿಲ್ಲ.

“ಇದೊಂದು ಇರಲಿ, ತಾಯಿ,” ಎಂದರು. “ನಾನು ಮೊದಲು ಎಳೆದದ್ದು ಇದನ್ನೇ. ಇದನ್ನ ನೋಡಿಯೇ ಉಳಿದದ್ದನ್ನೆಲ್ಲ ಎಳೆದೆ.”

ಇರಲಿ ಬಿಡಮ್ಮ, ಅಷ್ಟು ದೊಡ್ಡ ಗೋಡೆಗೆ ಒಂದು ಗೆರೆ ಏನು ಮಾಡೀತು, ನಮ್ಮಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದುದೂ ಅದನ್ನೇ ಎಂದು ಬೈಂಡರೂ ದನಿಗೂಡಿಸಿದರು.

ಅವಳು ಗೆರೆಯ ಕೆಳಗಿನ ಇಟ್ಟಿಗೆಗೆ ಕಿವಿಯಿಟ್ಟು ತಟ್ಟಿದಳು. ನೆನೆದ ರಟ್ಟು. ಮೇಲಿನದನ್ನು ತಟ್ಟಿದಳು. ಅದು ಇನ್ನೂ ಠಣ್ ಎನ್ನುತ್ತಿತ್ತು, ಕೊಂಚ ಮಂಕಾಗಿ. ಮಾವನ ಬೆರಳು ಗೆರೆಯಲ್ಲೇ ಇತ್ತು. ಅವಳು ಸುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಆ ಬೆರಳನ್ನು ಎರಡೂ ಕೈಯಿಂದ ಹಿಡಿದು ಗೋಡೆಯಿಂದ ಮೆಲ್ಲಗೆ ಬಿಡಿಸಿದಳು.

“ಇದನ್ನೂ ಬಿಡೋದಿಲ್ಲ, ಮಾವ. ಮೇಲಿನ ಇಟ್ಟಿಗೆ ಇನ್ನೂ ಉಳಿಯುತ್ತೆ.”