ಎರಡು ಸಲ ಕೂಗಿದರೆ

ಹನ್ನೆರಡು ಗಂಟೆಗೆ ಇನ್ನೂ ಏಳು ನಿಮಿಷವಿತ್ತು. ಲಿಸಿಯಾಟೆ ವೇಹಿಕಿಟೆ ಫೋನನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಅದನ್ನು ನೋಡಬಾರದೆಂದು ಕಿಟಕಿಯ ಕಡೆ ತಿರುಗಿ ಕೂತಿದ್ದ. ಒಲೆಯ ಮುಂದೆ ಅವನ ಹೆಂಡತಿ ಅನಾಸೇಯಿನಿ ಡಬ್ಬಿಯ ದನದ ಮಾಂಸವನ್ನು ಈರುಳ್ಳಿಯ ಜೊತೆ ಹುರಿಯುತ್ತಿದ್ದಳು. ಅದು ತಡವಾದ ತಿಂಡಿಯೋ ಬೇಗನೆಯ ಊಟವೋ ಇಬ್ಬರಿಗೂ ಗೊತ್ತಿರಲಿಲ್ಲ. ಹಿಂದಿನ ದಿನ ಒಮಾಹಾದ ಅಮೆರಿಕನ್ ಫುಟ್‌ಬಾಲ್ ತಂಡ ಅವನನ್ನು ಕೈಬಿಟ್ಟಿತ್ತು. ಆಗಸ್ಟ್ ಕೊನೆಯ ಮಂಗಳವಾರ ಎಲ್ಲ ತಂಡಗಳೂ ತೊಂಬತ್ತು ಆಟಗಾರರನ್ನು ಐವತ್ತಮೂರಕ್ಕೆ ಇಳಿಸುತ್ತವೆ. ಬಿಟ್ಟವರನ್ನು ಬುಧವಾರ ಮಧ್ಯಾಹ್ನದೊಳಗೆ ಬೇರೆ ತಂಡ ಎತ್ತಿಕೊಳ್ಳಬಹುದು. ಯಾರಿಗೂ ಬೇಡವಾದವರಿಗೆ ಹನ್ನೆರಡರ ನಂತರ ಅಭ್ಯಾಸ ತಂಡಕ್ಕೆ ಬಾ ಎಂಬ ಕರೆ ಬರುತ್ತದೆ, ಇಲ್ಲವೇ ಬರುವುದಿಲ್ಲ. ಲಿಸಿಯಾಟೆಗೆ ಇದು ನಾಲ್ಕನೆಯ ಬುಧವಾರ.

ಅವನು ಸೆಂಟರ್. ಸಾಲಿನ ನಟ್ಟನಡುವೆ ಬಗ್ಗಿ, ಚೆಂಡನ್ನು ಕಾಲಸಂದಿನಿಂದ ಹಿಂದಕ್ಕೆ ಕೊಟ್ಟು, ಮರುಕ್ಷಣವೇ ಎದುರಿನಿಂದ ನುಗ್ಗುವವರಿಗೆ ಎದೆ ಒಡ್ಡುವವನು. ಕಳೆದ ಮೂರು ವರ್ಷವೂ ಒಮಾಹಾದ ಅಭ್ಯಾಸ ತಂಡದಲ್ಲಿದ್ದ. ಮುಂದಿನ ಭಾನುವಾರ ಯಾರ ಮೇಲೆ ಆಟವೋ ಆ ತಂಡದ ಸೆಂಟರ್ ಹೇಗೆ ನಿಲ್ಲುತ್ತಾನೆ, ಹೇಗೆ ಹೆಜ್ಜೆ ಇಡುತ್ತಾನೆ ಎಂದು ನೋಡಿ, ಅವನ ನಂಬರಿನ ಜೆರ್ಸಿ ತೊಟ್ಟು, ವಾರವಿಡೀ ಅವನಂತೆ ಆಡಿ ತೋರಿಸುವುದು ಅವನ ಕೆಲಸ. ಭಾನುವಾರ ಬಂದರೆ ಪ್ಯಾಂಟು ಶರ್ಟು ಹಾಕಿಕೊಂಡು ಅಂಚಿನಲ್ಲಿ ನಿಲ್ಲುತ್ತಿದ್ದ. ನಿಜವಾದ ಆಟಕ್ಕೆ ಇಳಿದದ್ದು ಎರಡೇ ಸಲ, ಅದೂ ಸೋತಾಗಿದ್ದ ಆಟಗಳ ಕೊನೆಯಲ್ಲಿ.

ಹನ್ನೆರಡು ದಾಟಿ ಎರಡು ನಿಮಿಷಕ್ಕೆ ಮೊದಲ ಕರೆ ಬಂತು. ಒಮಾಹಾದ ಕೋಚ್ ತಾನೇ ಮಾಡಿದ್ದ. ವಾಪಸ್ ಬಂದುಬಿಡು, ನಿನ್ನ ಕಪಾಟಿನ ಮೇಲಿನ ಹೆಸರು ಕೂಡ ತೆಗೆದಿಲ್ಲ ಎಂದ. ಲಿಸಿಯಾಟೆ ಸ್ವಲ್ಪ ಸಮಯ ಕೇಳಿದ. ಕೋಚ್ ನಕ್ಕು, ಯೋಚಿಸೋಕೆ ಏನಿದೆ ಮಾರಾಯ ಎಂದು ಫೋನಿಟ್ಟ.

ಎರಡನೆಯದು ಅವನ ಏಜೆಂಟ್ ಗಿಡಿಯನ್ ಪೋಪ್‌ನದು. ಲೂಯಿವಿಲ್‌ನವರು ಕೇಳುತ್ತಿದ್ದಾರೆ ಎಂದ. ಅಲ್ಲಿ ಬದಲಿ ಸೆಂಟರ್‌ಗೆ ಭುಜದ ಶಸ್ತ್ರಚಿಕಿತ್ಸೆಯಾಗಿದೆ, ಮುಖ್ಯ ಸೆಂಟರ್ ಮಂಡಿಗೆ ಪಟ್ಟಿ ಸುತ್ತಿಕೊಂಡೇ ನಡೆಯುತ್ತಾನೆ, ತಿಂಗಳೊಳಗೆ ನಿನ್ನನ್ನು ಮುಖ್ಯ ತಂಡಕ್ಕೆ ಏರಿಸುವ ಮಾತಾಡುತ್ತಿದ್ದಾರೆ ಎಂದ. ಆದರೆ ಒಂದು ವಿಷಯ ಇದೆ ಎಂದ.

"ಏನು, ಹೇಳಿಬಿಡು," ಎಂದ ಲಿಸಿಯಾಟೆ.

"ಸೀಸನ್ನಿನ ಎರಡನೇ ಭಾನುವಾರ ಲೂಯಿವಿಲ್‌ಗೆ ಆಟ ಇರೋದು ಒಮಾಹಾ ಮೇಲೆ. ಅವರಿಗೆ ಬೇಕಾಗಿರೋದು ನಿನ್ನ ಕೈನೋ ನಿನ್ನ ತಲೇಲಿರೋ ಒಮಾಹಾ ಗುಟ್ಟೋ ನಂಗೊತ್ತಿಲ್ಲ ಲಿಸಿ. ಯಾವುದೇ ಆಗಿದ್ರೂ ಅವರು ನಮ್ಮ ಹತ್ರ ಹೇಳೋದು ಇದನ್ನೇ."

"ನೀನಾಗಿದ್ರೆ ಏನು ಮಾಡ್ತಿದ್ದೆ?"

"ನಾನು ಐದಡಿ ಆರಂಗುಲ. ನನ್ನನ್ನ ಯಾರೂ ಕರೀತಿರ್ಲಿಲ್ಲ."

ಇಪ್ಪತ್ತು ನಿಮಿಷದಲ್ಲಿ ಹೇಳಬೇಕಂತೆ. ಇಲ್ಲದಿದ್ದರೆ ಪಟ್ಟಿಯಲ್ಲಿರುವ ಮುಂದಿನವನಿಗೆ ಫೋನ್ ಹೋಗುತ್ತದೆ.

ಅನಾಸೇಯಿನಿ ಒಲೆ ಆರಿಸಿ ಎದುರಿಗೆ ಬಂದು ಕೂತಳು. ಅವಳಿಗೆ ಒಮಾಹಾದಲ್ಲಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸವಿತ್ತು, ಅವರಿಬ್ಬರ ಮೂಲವಾದ ಪೆಸಿಫಿಕ್ ದ್ವೀಪದೇಶ ಟೋಂಗಾದವರದೇ ಚಿಕ್ಕದೊಂದು ಚರ್ಚಿತ್ತು, ಅಲ್ಲಿ ಅವಳು ಹಾಡುತ್ತಿದ್ದಳು. ಇಲ್ಲೇ ಇರೋಣ ಎಂದು ಅವಳೇ ಹೇಳಲಿ ಎಂದು ಅವನು ಒಳಗೊಳಗೇ ಕಾಯುತ್ತಿದ್ದ. ಅವಳು ಎಲ್ಲವನ್ನೂ ಕೇಳಿ, ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದಳು.

"ಇಲ್ಲಿದ್ರೆ ನಿಂಗೆ ಆಟ ಸಿಗ್ಬೇಕಂದ್ರೆ ಡರ್ಕ್ ಮಂಡಿ ಮುರೀಬೇಕು," ಎಂದಳು. "ಅವನು ವಾರಕ್ಕೊಂದಿನ ನಮ್ಮನೇಲಿ ಊಟ ಮಾಡ್ತಾನೆ ಕಣೋ. ಅವನ ಮಂಡಿ ಮುರೀಲಿ ಅಂತ ಪ್ರಾರ್ಥನೆ ಮಾಡ್ಲಾ ನಾನು? ಲೂಯಿವಿಲ್‌ನವನ ಮುಖ ನಾನು ನೋಡಿಲ್ಲ. ಅಲ್ಲಿಗೆ ಹೋಗು."

ಡರ್ಕ್ ಹಾಲ್ವರ್ಸನ್ ಒಮಾಹಾದ ಸೆಂಟರ್. ಮಿನಿಸೋಟದ ಬೆಮಿಜಿ ಎಂಬ ಚಳಿಯೂರಿನವನು, ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ. ಎಡಕ್ಕೆ ಸರಿಯಬೇಕೋ ಬಲಕ್ಕೋ ಎಂದು ಚೆಂಡು ಹಿಂದಕ್ಕೆ ಹೋಗುವ ಮೊದಲು ಸಾಲಿನವರಿಗೆ ಕೂಗಿ ಹೇಳುವವನು ಸೆಂಟರೇ. ಎದುರಿನವರಿಗೂ ಕೇಳಿಸುವ ಮಾತು, ಅವರಿಗೆ ಅರ್ಥವಾಗಬಾರದ ಮಾತು. ಎರಡು ವರ್ಷದ ಹಿಂದೆ ಡರ್ಕ್ ಮತ್ತು ಲಿಸಿಯಾಟೆ ಇದೇ ಮೇಜಿನ ಮುಂದೆ ಕೂತು ಆ ಮಾತುಗಳನ್ನು ಕಟ್ಟಿದ್ದರು. ಎಡಕ್ಕೆ 'ಬೆಮಿಜಿ'. ಬಲಕ್ಕೆ 'ವಾವಾಉ', ಅದು ಲಿಸಿಯಾಟೆಯ ಅಪ್ಪ ಹುಟ್ಟಿದ ದ್ವೀಪ. ಒಂದೇ ಸಲ ಕೂಗಿದರೆ ಸುಳ್ಳು, ಎರಡು ಸಲ ಕೂಗಿದರೆ ನಿಜ. ಅರವತ್ತು ಸಾವಿರ ಜನರ ಮುಂದೆ ಡರ್ಕ್ ಆ ದ್ವೀಪದ ಹೆಸರು ಕೂಗುವಾಗ ಅಂಚಿನಲ್ಲಿ ನಿಂತ ಲಿಸಿಯಾಟೆಗೆ ತಾನೂ ಒಳಗಿದ್ದೇನೆ ಅನ್ನಿಸುತ್ತಿತ್ತು.

ಅವನು ಲೂಯಿವಿಲ್‌ಗೆ ಹೂಂ ಅಂದ. ಒಮಾಹಾದ ಕೋಚ್‌ಗೆ ಫೋನ್ ಮಾಡಿದಾಗ ಆತ ಒಳ್ಳೆಯದಾಗಲಿ ಎಂದನೇ ಹೊರತು ಈ ಸಲ ನಗಲಿಲ್ಲ. ಸಂಜೆ ತನ್ನ ಬೂಟುಗಳನ್ನು ತರಲು ಹೋದಾಗ ವಾಹನ ನಿಲ್ಲಿಸುವ ಜಾಗದಲ್ಲಿ ಡರ್ಕ್ ಸಿಕ್ಕಿದ. ಇಬ್ಬರೂ ಕಾರಿಗೆ ಒರಗಿ ನಿಂತರು. ಲೂಯಿವಿಲ್ ಪಕ್ಕದ ಓಹಾಯೋ ನದಿಯಲ್ಲಿ ಯಾವ ಮೀನು ಸಿಗುತ್ತದೆ ಎಂದು ಡರ್ಕ್ ವಿಚಾರಿಸಿದ. ಲಿಸಿಯಾಟೆಗೆ ಗೊತ್ತಿರಲಿಲ್ಲ.

"ಎರಡನೇ ಭಾನುವಾರ ಸಿಗ್ತೀವಲ್ಲ," ಎಂದ ಡರ್ಕ್, ಬೀಜದ ಸಿಪ್ಪೆ ಉಗುಳಿ.

"ಸಿಗ್ತೀವಿ. ನಾನು ಶರ್ಟಲ್ಲಿ ಇರ್ತೀನಿ."

"ಇಸ್ತ್ರಿ ಮಾಡಿರೋದು ಹಾಕ್ಕೋ, ಮಾನ ಕಳೀಬೇಡ."

ಅಷ್ಟೇ. ಆ ಗುಟ್ಟಿನ ಮಾತುಗಳ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಎತ್ತಿದರೆ ಒಬ್ಬರನ್ನೊಬ್ಬರು ಅನುಮಾನಿಸಿದಂತಾಗುತ್ತಿತ್ತು.

ಲೂಯಿವಿಲ್‌ನಲ್ಲಿ ಸೆಪ್ಟೆಂಬರ್ ಆದರೂ ಸೆಕೆ ಇಳಿದಿರಲಿಲ್ಲ. ತಂಡದವರು ಅವನಿಗೆ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೋಣೆ ಕೊಟ್ಟಿದ್ದರು. ಮೊದಲ ದಿನ ವೈದ್ಯರು ಅವನ ಬೆರಳು, ಮೊಣಕೈ, ಸೊಂಟ ಎಲ್ಲ ತಿರುಚಿ ನೋಡಿದರು. ಎರಡನೆಯ ದಿನದಿಂದ ಅಭ್ಯಾಸ. ಅವನು ಯಾರಾದರೂ ಬಂದು ಒಮಾಹಾದ ಬಗ್ಗೆ ಕೇಳುತ್ತಾರೆಂದು ಕಾದ. ಯಾರೂ ಕೇಳಲಿಲ್ಲ. ಮುಖ್ಯ ಸೆಂಟರ್ ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡು ಕೂತಾಗ ಅರ್ಧ ಅಭ್ಯಾಸ ಇವನ ಪಾಲಿಗೇ ಬರುತ್ತಿತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಅವನು ಅನಾಸೇಯಿನಿಗೆ ಫೋನಿನಲ್ಲಿ, ಗಿಡಿಯನ್‌ಗೆ ಎಲ್ಲದರಲ್ಲೂ ಕೊಳಕೇ ಕಾಣೋದು, ಇವರಿಗೆ ಬೇಕಾಗಿರೋದು ನನ್ನ ಆಟ ಎಂದು ಹೇಳಿದ್ದ. ಹೇಳುವಾಗ ನಂಬಿಯೂ ಇದ್ದ.

ಮೊದಲ ಭಾನುವಾರದ ಆಟ ಮುಗಿದ ಮರುದಿನ ಕಾರ್ಟ್‌ರೈಟ್ ಎಂಬ ಸಹಾಯಕ ಕೋಚ್ ಎರಡು ಲೋಟ ಕಾಫಿ ಹಿಡಿದು ಬಂದ. ಇಪ್ಪತ್ತೈದರ ಹುಡುಗುಮುಖದವನು, ತುಂಬಾ ವಿನಯ. ಒಂದು ಹತ್ತು ನಿಮಿಷ ಬಿಡುವಿದೆಯೇ, ಒತ್ತಾಯವೇನಿಲ್ಲ ಎಂದ. ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಒಮಾಹಾದ ಆಟದ ವಿಡಿಯೋ ಹಾಕಿ, ಡರ್ಕ್ ಬಾಯಿ ತೆರೆದ ಕಡೆ ನಿಲ್ಲಿಸಿದ. ದನಿಯೂ ಇತ್ತು. ಇದೇನು ಕೂಗುತ್ತಾನೆ ಎಂದು ಕೇಳಿದ.

ಲಿಸಿಯಾಟೆ ಮೊದಲು ಹಳೆಯದೊಂದನ್ನು ಹೇಳಿದ, ಬಳಕೆಯಲ್ಲಿ ಇಲ್ಲದ್ದು. ಕಾರ್ಟ್‌ರೈಟ್ ಅದನ್ನು ಬರೆದುಕೊಂಡ. ಮೂರು ವರ್ಷದಲ್ಲಿ ತಾನು ಆಡಿದ ಮಾತನ್ನು ಒಬ್ಬರು ಬರೆದುಕೊಳ್ಳುವುದನ್ನು ಲಿಸಿಯಾಟೆ ನೋಡಿದ್ದು ಅದೇ ಮೊದಲು. ಕಾರ್ಟ್‌ರೈಟ್ ಹಲಗೆಯ ಮೇಲೆ ಸಾಲಿನ ಚಿತ್ರ ಬಿಡಿಸಿದ, ತಪ್ಪಾಗಿತ್ತು. ಲಿಸಿಯಾಟೆ ಎದ್ದು ಸರಿಮಾಡಿದ. ಅಲ್ಲಿಂದ ಮಾತು ತಾನಾಗಿ ಹರಿಯಿತು. ಇವನು ಇಲ್ಲಿಗೆ ಹೆಜ್ಜೆ ಇಡುತ್ತಾನೆ, ಅವನು ಇವನ ಬೆನ್ನಿಗೆ ಬರುತ್ತಾನೆ, ಆಗ ಈ ಸಂದು ತೆರೆಯುತ್ತದೆ. ಕಾರ್ಟ್‌ರೈಟ್ ಮಧ್ಯೆ ಮಧ್ಯೆ ತಲೆದೂಗಿ, ಇದನ್ನ ನೀನು ಪಾಠ ಮಾಡ್ಬೇಕು ಗುರು ಎನ್ನುತ್ತಿದ್ದ. ಹತ್ತು ನಿಮಿಷ ಒಂದೂವರೆ ಗಂಟೆಯಾಯಿತು.

"ಅದು ವಾವಾ ಏನಂದೆ? ಸ್ಪೆಲಿಂಗ್ ಹೇಳ್ತೀಯಾ?"

ಲಿಸಿಯಾಟೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

ಹೊರಗೆ ಬಂದು ಕಾರಿನ ಬಾಗಿಲು ತೆಗೆಯುವವರೆಗೂ ಅವನು ಖುಷಿಯಲ್ಲೇ ಇದ್ದ. ಬಿಸಿಲಿಗೆ ಕಾದ ಸೀಟಿನ ಮೇಲೆ ಕೂತ ಮೇಲೆ ತಾನು ಏನನ್ನು ಬಿಟ್ಟುಕೊಟ್ಟೆ ಎಂಬುದು ಹೊಳೆಯಿತು. ಡರ್ಕ್ ಇಷ್ಟರಲ್ಲಿ ಎಲ್ಲ ಬದಲಾಯಿಸಿರುತ್ತಾನೆ ಎಂದುಕೊಂಡ. ಯಾರಾದರೂ ಬದಲಾಯಿಸುತ್ತಾರೆ. ಆ ವಾರ ದಿನಕ್ಕೊಂದು ಸಲ ಡರ್ಕ್‌ನ ಹೆಸರಿನವರೆಗೆ ಬೆರಳು ಹೋಗಿ ಫೋನನ್ನು ಜೇಬಿಗೆ ಹಾಕಿಕೊಂಡ. ಏನೆಂದು ಹೇಳುವುದು?

ಭಾನುವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಲೂಯಿವಿಲ್‌ನವರ ಅಂಚಿನಲ್ಲಿ ನಿಂತ. ಒಮಾಹಾದವರು ಚೆಂಡು ಹಿಡಿದ ನಾಲ್ಕನೆಯ ಸಲ ಡರ್ಕ್ ಬಗ್ಗಿ, ಎಡಗೈ ಎತ್ತಿ, ಗಂಟಲು ಬಿರಿಯುವಂತೆ ಕೂಗಿದ. "ವಾವಾಉ! ವಾವಾಉ!" ಸಾಲು ಬಲಕ್ಕೆ ವಾಲುವ ಮೊದಲೇ ಲೂಯಿವಿಲ್‌ನ ಇಬ್ಬರು ಖಾಲಿಯಾಗಲಿದ್ದ ಎಡಸಂದಿಗೆ ಹೊರಟಾಗಿತ್ತು. ಒಮಾಹಾದ ಚೆಂಡೆಸೆಯುವವನು ನೆಲಕ್ಕೆ ಬಿದ್ದ ಸದ್ದು ಅಂಚಿನವರೆಗೂ ಕೇಳಿಸಿತು. ಜನ ಎದ್ದು ನಿಂತರು. ಯಾರೋ ಲಿಸಿಯಾಟೆಯ ಬೆನ್ನಿಗೆ ಜೋರಾಗಿ ತಟ್ಟಿ ಹೋದರು.

ಅರ್ಧ ಆಟದ ಹೊತ್ತಿಗೆ ಚೆಂಡೆಸೆಯುವವನು ಅದೇ ರೀತಿ ಐದು ಸಲ ಬಿದ್ದಿದ್ದ. ಐದನೆಯ ಸಲ ಅವನನ್ನು ಎಬ್ಬಿಸಲು ಡರ್ಕ್ ಕೈ ಕೊಟ್ಟ. ಆಮೇಲೆ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಯಾವ ಕಡೆಯೂ ನೋಡದೆ ನಡೆದು ಹೋದ. ವಿರಾಮದ ನಂತರ ಅವರು ಕೂಗುವುದನ್ನು ಬಿಟ್ಟು, ಒಬ್ಬರ ತೊಡೆಯನ್ನು ಇನ್ನೊಬ್ಬರು ಮುಟ್ಟಿ ಸನ್ನೆ ಮಾಡತೊಡಗಿದರು. ಅದು ಸಾಲಿನ ಅರ್ಧ ಜನಕ್ಕೆ ತಲುಪುತ್ತಿರಲಿಲ್ಲ. ಒಮಾಹಾ ಸೋತಿತು.

ಆಟ ಮುಗಿದ ಮೇಲೆ ಎರಡೂ ತಂಡದವರು ಮೈದಾನದಲ್ಲಿ ಕೈಕುಲುಕುವ ಗದ್ದಲದಲ್ಲಿ ಲಿಸಿಯಾಟೆ ಡರ್ಕ್‌ನನ್ನು ಹುಡುಕಿಕೊಂಡು ಹೋದ. ಹೋಗದೇ ಇರಲು ಅವನಿಂದ ಆಗಲಿಲ್ಲ. ಡರ್ಕ್ ಬೆರಳಿಗೆ ಸುತ್ತಿದ್ದ ಪಟ್ಟಿಯನ್ನು ಹಲ್ಲಿನಿಂದ ಕಿತ್ತು ಬಿಚ್ಚುತ್ತಿದ್ದ.

"ಗುರುವಾರ ಕೋಚ್ ಕೇಳಿದ್ರು, ಮಾತು ಬದಲಾಯ್ಸೋಣ್ವಾ ಅಂತ," ಎಂದ. ಸಿಟ್ಟಿರಲಿಲ್ಲ, ಹವಾಮಾನ ಹೇಳುವವನ ದನಿ. "ಬೇಡ ಅಂದೆ."

"ಡರ್ಕ್, ನಾನು..."

"ಬೇಡ ಅಂದೆ, ಅಷ್ಟೇ. ಬಸ್ಸಿಗೆ ಹೊತ್ತಾಯ್ತು."

ಮಂಗಳವಾರ ಬೆಳಿಗ್ಗೆ ಲಿಸಿಯಾಟೆಗೆ ಮೇಲಿನ ಮಹಡಿಗೆ ಬರಲು ಹೇಳಿ ಕಳಿಸಿದರು. ಕೆಲಸ ಮುಗಿಯಿತು, ಇನ್ನು ಹೊರಡು ಎನ್ನುತ್ತಾರೆ ಎಂದುಕೊಂಡ. ಮೆಟ್ಟಿಲು ಹತ್ತುವಾಗ ಅದೇ ನ್ಯಾಯ ಅನ್ನಿಸಿತು, ಒಂಥರಾ ಹಗುರವೂ ಆಯಿತು. ಆದರೆ ಮುಖ್ಯ ಕೋಚ್ ಎದ್ದು ಕೈಕೊಟ್ಟ. ಸೆಂಟರ್‌ನ ಮಂಡಿ ಈ ವರ್ಷಕ್ಕೆ ಮುಗಿಯಿತು, ನಿನ್ನನ್ನು ಐವತ್ತಮೂರರೊಳಗೆ ತಗೋತಿದೀವಿ, ಈ ಭಾನುವಾರ ಮೊದಲಿನಿಂದಲೇ ನೀನು ಆಡಬೇಕು ಎಂದ. ಮೂರು ವಾರದಿಂದ ನಿನ್ನ ಅಭ್ಯಾಸ ನೋಡ್ತಿದೀನಿ, ಚೆನ್ನಾಗಿದೆ ಎಂದೂ ಸೇರಿಸಿದ.

ಈ ಜಾಗ ಸಿಕ್ಕಿದ್ದು ಅಭ್ಯಾಸಕ್ಕೋ, ಆ ಕಿಟಕಿಯಿಲ್ಲದ ಕೋಣೆಯಲ್ಲಿ ಹೇಳಿದ್ದಕ್ಕೋ? ಪ್ರಶ್ನೆ ಲಿಸಿಯಾಟೆಯ ನಾಲಿಗೆಯ ತುದಿಯವರೆಗೂ ಬಂತು. ಕೇಳಿದ್ದರೆ ಅಭ್ಯಾಸಕ್ಕೇ ಎನ್ನುತ್ತಿದ್ದರು. ಅದು ನಿಜವೂ ಇರಬಹುದಿತ್ತು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದ.

ಅನಾಸೇಯಿನಿ ಶಾಲೆಯ ಅಡುಗೆಮನೆಯಿಂದಲೇ ಫೋನಿಗೆ ಬಂದು ಅತ್ತಳು, ಪಕ್ಕದವರಿಗೂ ಹೇಳಿ ಇನ್ನೊಂದು ಸಲ ಅತ್ತಳು. ಯೂಟಾದಲ್ಲಿರುವ ಅಮ್ಮನಿಗೆ ಈಗಲೇ ಹೇಳಬೇಕು, ಭಾನುವಾರ ಅಲ್ಲಿನ ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ ಎಂದಳು. ಅವನು ಹೂಂಗುಟ್ಟಿದ. ಅವಳಿಗೆ ಅವನು ಆ ಕೋಣೆಯ ವಿಷಯ ಹೇಳಿರಲಿಲ್ಲ. ಆಟವನ್ನು ಟಿವಿಯಲ್ಲಿ ನೋಡಿದ್ದಳು, ಪಾಪ ಡರ್ಕ್‌ಗೆ ಅವತ್ತು ದಿನ ಚೆನ್ನಾಗಿರಲಿಲ್ಲ ಎಂದಿದ್ದಳು.

ಶನಿವಾರ ಬೆಳಿಗ್ಗೆ ತಂಡದ ಸಭೆಗೆ ಹೊರಡುವಾಗ ಅವಳ ಫೋನು ಬಂತು. ಒಮಾಹಾದ ಮನೆ ಖಾಲಿ ಮಾಡಿ ಲೂಯಿವಿಲ್‌ಗೆ ಸಾಮಾನು ಸಾಗಿಸಲು ಬಾಡಿಗೆ ಲಾರಿ ಬಂದಿದೆ, ಅದರ ಜೊತೆ ಬರಬೇಕಿದ್ದ ಇಬ್ಬರು ಆಳುಗಳು ಬರಲಿಲ್ಲ ಎಂದಳು.

"ಮತ್ತೆ ಏನು ಮಾಡ್ದೆ?"

"ನಾನೇನು ಮಾಡ್ಲಿ? ಏಳು ಗಂಟೆಗೆ ಡರ್ಕ್ ಬಂದು ಬಾಗಿಲು ತಟ್ದ. ನಾನು ಕರ್ದೇ ಇರ್ಲಿಲ್ಲ. ಒಬ್ನೇ ಸೋಫಾ ಹೊತ್ತ ಕಣೋ, ಮಂಚ ಬಿಚ್ಚಿದ. ನಾಳೆ ಆಟ ಇಟ್ಕೊಂಡು ಬೆನ್ನು ಹಾಳು ಮಾಡ್ಕೊಬೇಡ ಅಂದ್ರೆ ಕೇಳಲ್ಲ. ಊಟಕ್ಕೆ ಕರೆದ್ರೆ ಬೇಡ ಅಂದ. ನೀರೂ ಬೇಡ್ವಂತೆ." ಅವಳು ದನಿ ತಗ್ಗಿಸಿದಳು. "ನೀವಿಬ್ರೂ ಏನಾದ್ರೂ ಜಗಳ ಆಡಿದ್ರಾ?"

ಹೋಟೆಲಿನ ಕೆಳಗಿನ ರಸ್ತೆಯಲ್ಲಿ ವಿಮಾನ ನಿಲ್ದಾಣದ ಬಸ್ಸು ನಿಂತು, ಜನರನ್ನು ಇಳಿಸಿ ಮುಂದೆ ಹೋಯಿತು.

"ಇಲ್ಲ," ಎಂದ ಲಿಸಿಯಾಟೆ.

"ಮಾತಾಡ್ತೀಯಾ? ಕೊಡ್ಲಾ?"

"ಕೊಡು."

ಅವಳು ಮೆಟ್ಟಿಲಿಳಿದು ಹೋಗುವ ಸದ್ದು ಕೇಳಿಸಿತು. ಆಮೇಲೆ ಅಂಗಳದ ಗಾಳಿ. ಅವಳು ಏನೋ ಹೇಳಿದ್ದು ಅಸ್ಪಷ್ಟವಾಗಿ ಕೇಳಿಸಿತು, ಉತ್ತರ ಕೇಳಿಸಲಿಲ್ಲ. ಲಿಸಿಯಾಟೆ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದ.

"ಕೈ ಖಾಲಿ ಇಲ್ವಂತೆ," ಎಂದಳು ಅವಳು ಮರಳಿ ಬಂದು. ಅವಳ ಹಿಂದೆ, ಭಾರವಾದದ್ದೇನನ್ನೋ ಲಾರಿಯ ತಗಡಿನ ನೆಲದ ಮೇಲೆ ಒಬ್ಬನೇ ಒಂದೊಂದು ಗೇಣು ಎಳೆಯುತ್ತಿದ್ದ ಸದ್ದು ಬರುತ್ತಿತ್ತು, ನಿಂತು, ಮತ್ತೆ ಎಳೆದು, ಮತ್ತೆ ನಿಂತು.