ಥರ್ಜಾಳ ಅರ್ಧ ಬೆಟ್ಟ

ಹ್ಯಾನಿಬಲ್ ಟ್ರೆಲೋರ್ ಅಮೆರಿಕದ ನೆವಾಡಾದ ಆ ಬೆಟ್ಟದೂರಿಗೆ ಬಂದಾಗ ಅವನ ಬಳಿ ಇದ್ದದ್ದು ಒಂದು ಪಿಕಾಸಿ ಮತ್ತು ಊರಗಲ ಬಾಯಿ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಿಂದ ಬಂದ ಗಣಿಯಾಳುಗಳಿಗೆ ಅಡುಗೆ ಮಾಡಿ ಹಾಕುತ್ತಿದ್ದ ವಿಧವೆ ಥರ್ಜಾ ಅವನ ಹುಟ್ಟೂರಿನವಳೇ. ಪಾಪ ಅನ್ನಿಸಿ ಹಿಟ್ಟು, ಉಪ್ಪು ಹಚ್ಚಿದ ಹಂದಿಮಾಂಸ, ಕಾಳು, ಜೊತೆಗೆ ಇದ್ದ ಒಂದೇ ಹೇಸರಗತ್ತೆಯನ್ನೂ ಕೊಟ್ಟು ಬೆಟ್ಟಕ್ಕೆ ಕಳಿಸಿದಳು. ಅಲ್ಲಿಯ ಪದ್ಧತಿ ಹಾಗೆ. ಬೆಳ್ಳಿ ಹುಡುಕಲು ಹೊರಟವನಿಗೆ ಬುತ್ತಿ ಕಟ್ಟಿಕೊಟ್ಟವರಿಗೆ ಸಿಕ್ಕಿದ್ದರಲ್ಲಿ ಅರ್ಧ ಪಾಲು. ಕೈಗೆ ಕೈ ಕೊಟ್ಟರೆ ಮಾತು ಮುಗಿಯಿತು.

ಮಂಜು ಬೀಳುವ ಮುಂಚೆಯೇ ಅವನಿಗೆ ಬೆಳ್ಳಿ ಸಿಕ್ಕಿತು. ನಾಲ್ಕು ಮೂಲೆಗೆ ಗೂಟ ಹೊಡೆದು ಇಬ್ಬರ ಹೆಸರಲ್ಲೂ ಜಾಗ ಹಿಡಿದ. ಥರ್ಜಾ ಹಿಗ್ಗಿ ಹೀರೇಕಾಯಿಯಾದಳು.

ಆದರೆ ಗಣಿಯ ಕಾನೂನಿಗೆ ಕರುಣೆ ಎಂಬುದಿಲ್ಲ. ಹಿಡಿದ ಜಾಗದಲ್ಲಿ ವರ್ಷಕ್ಕಿಷ್ಟು ಅಗೆತ ಆಗಲೇಬೇಕು. ಆಗದಿದ್ದರೆ ಹಳೆಯ ಹಕ್ಕು ಸತ್ತಿತು. ಹೊಸ ವರ್ಷದ ಬೆಳಗ್ಗೆ ಯಾರು ಮೊದಲು ಗೂಟ ಹೊಡೆಯುತ್ತಾರೋ ಜಾಗ ಅವರದ್ದು. ಮಾರನೆಯ ವರ್ಷ ಕೆಲಸ ಎಲ್ಲಿಗೆ ಬಂತು ಎಂದು ಥರ್ಜಾ ಆಗಾಗ ವಿಚಾರಿಸಿದಳು. ಹ್ಯಾನಿಬಲ್ ನಗುತ್ತಿದ್ದ.

"ಆಳು ಹಚ್ಚಿದ್ದೀನಿ. ನೀನು ಒಲೆ ನೋಡ್ಕೋ ಥರ್ಜಾ, ಬೆಟ್ಟ ನಾನು ನೋಡ್ಕೋತೀನಿ."

ಅವಳು ನಂಬಿದಳು. ಹೊಸ ವರ್ಷದ ದಿನ ಬೆಳಕು ಹರಿಯುವಷ್ಟರಲ್ಲಿ ಹ್ಯಾನಿಬಲ್‌ನ ಅಕ್ಕನ ಮಗ ಪಾಸ್ಕೊ ಅಲ್ಲಿ ತನ್ನ ಹೆಸರಿನ ಗೂಟ ಹೊಡೆದಾಗಿತ್ತು. ಹ್ಯಾನಿಬಲ್ ಥರ್ಜಾಳ ಅಡುಗೆಮನೆಗೆ ಬಂದು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಆಳುಗಳು ಕೈಕೊಟ್ಟರು, ಸ್ವಂತ ಸೋದರಳಿಯನೇ ಕತ್ತು ಕೊಯ್ದ ಎಂದ. ತನ್ನ ಅರ್ಧ ಬೆಟ್ಟ ಹೋದದ್ದನ್ನು ಮರೆತು ಅವಳು ಅವನ ಬೆನ್ನು ಸವರಿದಳು, ಬಿಸಿ ಬಿಸಿ ಕುರಿಮಾಂಸದ ಸಾರು ಬಡಿಸಿದಳು.

ಬೇಸಗೆಗೆ ಮಾವ, ಅಳಿಯ ರಾಜಿಯಾದರು ಎಂಬ ಸುದ್ದಿ ಬಂತು. ಕೆಲವೇ ವರ್ಷಗಳಲ್ಲಿ ಆ ಬೆಟ್ಟವೇನು, ಸುತ್ತಲಿನ ಬೆಟ್ಟಗಳೂ ಹ್ಯಾನಿಬಲ್‌ನವಾದವು. ಊರಿಗೆ ರೈಲು ತಂದ, ನಾಟಕಶಾಲೆ ಕಟ್ಟಿಸಿದ, ಆಸ್ಪತ್ರೆಗೆ ತನ್ನ ಹೆಸರಿಟ್ಟ. ಥರ್ಜಾ ಹಿಟ್ಟು ನಾದುತ್ತಲೇ ಮುದುಕಿಯಾದಳು. ಊಟಕ್ಕೆ ಕುಳಿತವರು ಯಾರಾದರೂ ಧಣಿಯನ್ನು ಆಡಿಕೊಂಡರೆ ಸೌಟು ಹಿಡಿದು ಗದರುತ್ತಿದ್ದಳು. ಅಳಿಯ ಮುಳುಗಿಸಿದರೂ ಈಜಿ ದಡ ಸೇರಿದ ಗಂಡಸು ಅವನು ಎನ್ನುತ್ತಿದ್ದಳು. ಅವರು ತಟ್ಟೆಗೆ ಬಗ್ಗಿ ಉಣ್ಣುತ್ತಿದ್ದರು. ಕ್ರಿಸ್‌ಮಸ್‌ಗೆ ಅವನು ಕಳಿಸುತ್ತಿದ್ದ ಒಂದು ಹೆಬ್ಬಾತನ್ನು ಬೀದಿಗೆಲ್ಲ ತೋರಿಸಿ ಬರುತ್ತಿದ್ದಳು. ಆನೆ ನುಂಗಿದವನು ಬಾಲದ ಕೂದಲು ಕೊಟ್ಟರೆ ಅದನ್ನೇ ಕಣ್ಣಿಗೊತ್ತಿಕೊಳ್ಳುವ ಜಾತಿ ಅವಳದು.

ಹ್ಯಾನಿಬಲ್ ಸತ್ತ. ಕಾರ್ನ್‌ವಾಲ್‌ನವರಲ್ಲಿ ಹೆಣವನ್ನು ಹೆಗಲ ಮೇಲೆ ಹೊತ್ತು, ದಾರಿಯುದ್ದಕ್ಕೂ ಹಾಡುತ್ತಾ ಬೆಟ್ಟದ ಮೇಲಿನ ಸ್ಮಶಾನಕ್ಕೆ ನಡೆಯಬೇಕು. ಹಾಡು ಎತ್ತಿಕೊಡುವವಳು ಯಾವಾಗಲೂ ಥರ್ಜಾ. ಪ್ರಾರ್ಥನಾಮಂದಿರದ ಬಾಗಿಲಲ್ಲಿ ಅವಳು ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಾಗ ಪಾಸ್ಕೊ ಪಕ್ಕಕ್ಕೆ ಬಂದ. ಅವನೂ ಹಣ್ಣಾಗಿದ್ದ. ಅವಳು ಮುಖ ತಿರುಗಿಸಿದಳು. ಅಷ್ಟು ವರ್ಷವೂ ಅವನೊಡನೆ ಮಾತು ಬಿಟ್ಟಿದ್ದಳು.

"ಥರ್ಜತ್ತೆ, ಇನ್ನೂ ನನ್ ಮೇಲೇ ಸಿಟ್ಟಾ?" ಎಂದ. "ಗೂಟ ಹೊಡಿಯೋಕೆ ಕಳ್ಸಿದ್ದೇ ಮಾವ. ನಿನ್ ಪಾಲು ಕಳಚ್ಕೊಳ್ಲಿ ಅಂತಾನೇ ಇಡೀ ವರ್ಷ ಅಲ್ಲಿ ಒಂದ್ ಗುದ್ಲಿ ಹಾಕಿಸ್ಲಿಲ್ಲ. ಊರಿಗೆಲ್ಲ ಗೊತ್ತಿರೋ ವಿಷ್ಯ. ನಿಂಗೂ ಗೊತ್ತು, ನುಂಗ್ಕೊಂಡಿದ್ದೀಯ ಅಂದ್ಕೊಂಡಿದ್ದೆ."

ಥರ್ಜಾ ಸುತ್ತ ನೋಡಿದಳು. ಹೆಣಕ್ಕೆ ಹೆಗಲು ಕೊಡಲು ನಿಂತವರೆಲ್ಲ ಅವಳ ಮೇಜಿನಲ್ಲಿ ಉಂಡವರು. ಒಬ್ಬನೂ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಅವತ್ತು ನನ್ನೆದುರು ಅಷ್ಟು ಅತ್ತನಲ್ಲೋ?"

"ಅತ್ತ. ಆಮೇಲೆ ಮನೆಗ್ ಬಂದು ನಕ್ಕ. 'ಒಂದ್ ಮಾತೂ ಕೇಳ್ಲಿಲ್ಲ ಕಣೋ, ಎರಡನೇ ಸಲಾನೂ ಸಾರು ಬಡಿಸಿದ್ಲು' ಅಂದ."

ಪಾದ್ರಿ ಹೊರಡಲು ಸನ್ನೆ ಮಾಡಿದರು. ಶವಪೆಟ್ಟಿಗೆ ಹೆಗಲೇರಿತು. ಗಂಡಸರು ಟೊಪ್ಪಿಗೆ ತೆಗೆದು ಅವಳ ಮೊದಲ ಸಾಲಿಗೆ ಕಾದರು. ಥರ್ಜಾ ತುಟಿ ಬಿಗಿದು ನಿಂತಳು.

"ಶುರು ಮಾಡಿ ಅತ್ತೆ," ಎಂದು ಯಾರೋ ಪಿಸುಗುಟ್ಟಿದರು.

"ನೀವೇ ಹಾಡ್ಕೊಳ್ಳಿ," ಎಂದಳು. "ನಿಮಗೆಲ್ಲ ಗೊತ್ತಿತ್ತಲ್ಲ."

ಯಾರ ಗಂಟಲಿಂದಲೂ ಸ್ವರ ಹೊರಡಲಿಲ್ಲ. ಬರೀ ಬೂಟುಗಳ ಸದ್ದಿನಲ್ಲೇ ಹ್ಯಾನಿಬಲ್ ಟ್ರೆಲೋರ್ ಬೆಟ್ಟ ಹತ್ತಿದ.